ಸದರಿ ಇಸಮ, ನಮ್ಮ ಮಾವ

ನನ್ನ ಸೋದರಮಾವನಿಗೆ ಎರಡು ಕಾಯಿಲೆಗಳಿದ್ದವು. ಒಂದು ಸಕ್ಕರೆಯದು, ಇನ್ನೊಂದು ಸಂವಿಧಾನದ್ದು. ಮೊದಲನೆಯದಕ್ಕೆ ದಿನಕ್ಕೆರಡು ಮಾತ್ರೆ ಸಾಕಾಗುತ್ತಿತ್ತು. ಎರಡನೆಯದಕ್ಕೆ ಅಂಕೋಲೆಯಿಂದ ಕಾರವಾರದವರೆಗೆ ಯಾವ ಡಾಕ್ಟರ ಬಳಿಯೂ ಮದ್ದಿರಲಿಲ್ಲ!

ಈ ಎರಡನೆಯದು ಹುಟ್ಟಿನಿಂದ ಬಂದದ್ದಲ್ಲ. ಮೂವತ್ತು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ, ಟೈಪ್ ಮಿಷನ್ನಿನ ಹಿಂದೆ ತಲೆ ತಗ್ಗಿಸಿ ಕೂತಿದ್ದ ಮನುಷ್ಯ ಅವನು. ಸಾಹೇಬರು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ನಿವೃತ್ತಿಯ ದಿನ ಶಾಲು ಹೊದೆಸಿಕೊಂಡು ಮನೆಗೆ ಬಂದವನು ಮರುದಿನ ಬೆಳಿಗ್ಗೆ ತಲೆ ಎತ್ತಿದ ನೋಡಿ, ಆಮೇಲೆ ಅದನ್ನು ಇಳಿಸಲೇ ಇಲ್ಲ. "ಕಾರ್ಯಾಂಗಕ್ಕೆ ಎಷ್ಟು ಅಧಿಕಾರ ಇರಬೇಕು?" ಎಂದು ಸಿಕ್ಕಸಿಕ್ಕವರನ್ನು ಕೇಳುವುದು ಶುರುವಾಯಿತು. ಬೆಳಿಗ್ಗೆ ಬಾಗಿಲಿಗೆ ಬಂದ ಹಾಲಿನವನನ್ನೂ ಬಿಡಲಿಲ್ಲ. ಅವನು ಪಾಪ, ಸ್ವಲ್ಪ ಹೊತ್ತು ಯೋಚಿಸಿ, "ಅರ್ಧ ಲೀಟರ್ ಸಾಕಲಾ?" ಎಂದು ಅಳೆದುಕೊಟ್ಟು ಹೋದ.

ಯಾವ ಅಧಿಕಾರಿ ಏನೇ ಹೇಳಲಿ, ಮಾವನ ಉತ್ತರ ಒಂದೇ: "ಬರೆದು ಕೊಡಿ." ಒಮ್ಮೆ ಲೈನ್‌ಮನ್ ಬಂದು, ಅಂಗಳದ ಹಲಸಿನ ಕೊಂಬೆ ತಂತಿಗೆ ತಾಗುವಂತಿದೆ, ಕಡಿಯಬೇಕು ಎಂದ. ಮಾವ ಲಿಖಿತ ಆದೇಶ ಕೇಳಿದ. ಲೈನ್‌ಮನ್ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದ. ಆ ವಾರವೇ ಗಾಳಿಗೆ ಕೊಂಬೆ ತಂತಿಯ ಮೇಲೆ ಒರಗಿ, ಇಡೀ ಓಣಿಗೆ ಮೂರು ದಿನ ಕರೆಂಟಿಲ್ಲ! ಅಕ್ಕಪಕ್ಕದವರು ಮಾವನನ್ನು ನೋಡುವ ನೋಟದಲ್ಲೇ ಒಂದು ಬಲ್ಬು ಉರಿಸಬಹುದಿತ್ತು. ಅತ್ತೆ ಚಿಮಣಿ ದೀಪ ಒರೆಸುತ್ತ ಹೇಳಿದಳು: "ಬರೆದು ಕೊಡಿ, ಬರೆದು ಕೊಡಿ ಅಂದ್ರಿ. ಈಗ ಅವ್ರು ಬರೆದು ಕೊಟ್ರೂ ಓದೂಕೆ ಬೆಳಕು ಎಲ್ಲಿ ಅದೆ?"

ಇದರಿಂದ ಮಾವ ಪಾಠ ಕಲಿತನೇ? ಗಣಪತಿ ಸಮಿತಿಯ ಸಭೆಯಲ್ಲಿ, ಅಧ್ಯಕ್ಷರಿಗೆ 'ಸಮಯಾನುಸಾರ ತೀರ್ಮಾನ ಕೈಗೊಳ್ಳುವ ಅಧಿಕಾರ' ಕೊಡುವ ಠರಾವಿಗೆ ಏಳು ತಿದ್ದುಪಡಿ ಸೂಚಿಸಿದ. ಏಳನೆಯದು ಪಾಸಾಗುವ ಹೊತ್ತಿಗೆ ಗಣಪತಿ ನೀರಿಗೆ ಹೋಗಿ ಹನ್ನೊಂದು ದಿನವಾಗಿತ್ತು.

ಇಷ್ಟನ್ನೇ ಹೇಳಿ ನಗಿಸಿ ಮುಗಿಸಬಹುದಿತ್ತು. ಆದರೆ ಆ ಮೇ ತಿಂಗಳಿನದನ್ನು ಹೇಳದಿದ್ದರೆ ಮಾವನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ನಾನಾಗ ಮಲ್ಲಾಪುರದಲ್ಲಿ ಟೀಚರು. ಬೇಸಿಗೆ ರಜೆಗೆ ಅಂಕೋಲೆಗೆ ಬಂದಿದ್ದೆ. ಎಲ್ಲೋ ಭೂಮಿ ಬಿಡಿಸುವ ವಿಷಯಕ್ಕೆ ಗಲಾಟೆಯಾಗಿ, ಬಸ್ಸಿಗೆ ಕಲ್ಲು ಬಿದ್ದು, ಊರು ಬಿಗಿದುಕೊಂಡು ಕೂತಿತ್ತು. ರಿಕ್ಷಾಕ್ಕೆ ಮೈಕು ಕಟ್ಟಿ ಸಾರಿದರು: ನಿಷೇಧಾಜ್ಞೆ ಜಾರಿಯಲ್ಲಿದೆ, ಐದು ಅಥವಾ ಹೆಚ್ಚು ಜನ ಒಂದೆಡೆ ಸೇರಬಾರದು. ಅಂಗಡಿಗಳು ಅರ್ಧ ಬಾಗಿಲು ಎಳೆದವು. ಪೇಟೆಯಲ್ಲಿ ಜನ ಮಾತಾಡುವುದನ್ನು ಬಿಟ್ಟು ಬರೀ ಎಣಿಸತೊಡಗಿದರು.

ಆದರೆ ಮಾವಿನಹಣ್ಣಿಗೆ ನಿಷೇಧಾಜ್ಞೆ ತಿಳಿಯುತ್ತದೆಯೇ? ಅದು ಇಶಾಡು ಹಣ್ಣಿನ ಕಾಲ. ಇಶಾಡು ಅಂದರೆ ಮರದಿಂದ ಇಳಿದ ಮೇಲೆ ಯಾರಿಗೂ ಕಾಯದ ಹಣ್ಣು. ಇವತ್ತು ಅಮೃತ, ನಾಡಿದ್ದು ಕೊಳೆ. ಹನ್ನೆರಡು ಜನ ಹೆಂಗಸರು ಎಂದಿನಂತೆ ಬುಟ್ಟಿ ಇಟ್ಟುಕೊಂಡು ರಸ್ತೆ ಬದಿ ಸಾಲಾಗಿ ಕೂತಿದ್ದರು. ಮಾವನೂ ಅಲ್ಲಿದ್ದ. ಸಕ್ಕರೆಯ ಮನುಷ್ಯನಿಗೆ ತಿನ್ನುವಂತಿಲ್ಲವಲ್ಲ, ದಿನಾ ಹೋಗಿ ಮೂಸಿ ನೋಡಿ ಬರುತ್ತಿದ್ದ! ನಾನು ಮನೆಗೆ ಹಣ್ಣು ಒಯ್ಯಲೆಂದು ಸ್ಕೂಟರ್ ನಿಲ್ಲಿಸುತ್ತಿದ್ದೆ.

ಕಾನ್‌ಸ್ಟೇಬಲ್ ಒಬ್ಬ ಬಂದು ಎಲ್ಲರೂ ಏಳಬೇಕೆಂದ. ಹೆಂಗಸರು ಬುಟ್ಟಿಗೆ ಕೈ ಹಾಕಿದರು. ಮಾವ ಮಧ್ಯೆ ಬಂದ.

"ಆದೇಶದಲ್ಲಿ ಎಷ್ಟು ಜನ ಅಂತ ಅದೆ?"

"ಐದು."

"ಹಂಗಾರೆ ನಾಲ್ಕಕ್ಕೆ ತಕರಾರಿಲ್ಲ!" ಎಂದವನೇ ಚಪ್ಪಲಿಯಿಂದ ಮಣ್ಣಿನಲ್ಲಿ ಗೆರೆ ಎಳೆದ. ನಾಲ್ಕು ಜನ ಇಲ್ಲಿ, ಇಪ್ಪತ್ತು ಹೆಜ್ಜೆ ಬಿಟ್ಟು ನಾಲ್ಕು ಜನ ಅಲ್ಲಿ, ಮತ್ತೆ ನಾಲ್ಕು ಆಚೆ. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ, ಕೊರಳ ತುಂಬ ಕರಿಮಣಿ ಸರ ಹಾಕಿದ್ದ ಅಜ್ಜಿ ಕೇಳಿದಳು: "ಒಡೆಯಾ, ಹಣ್ಣು ಕೊಳ್ಳೂಕೆ ಬಂದವ್ರು ಐದ್ನೇವ್ರು ಆಗ್ತ್ರಲಾ?"

ಕಾನ್‌ಸ್ಟೇಬಲ್‌ಗೆ ಉತ್ಸಾಹ ಬಂತು. "ಈಗ ನೀವೇ ಐದನೇವ್ರು, ರಾಯರೇ!"

ಮಾವ ಕೆಳಗೆ ನೋಡಿಕೊಂಡ. ನಿಜ! ತಟ್ಟನೆ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿ ನಕ್ಕರು. ಕಾನ್‌ಸ್ಟೇಬಲ್ಲೂ ನಕ್ಕ. ಆ ವಾರದಲ್ಲಿ ಊರು ನಕ್ಕಿದ್ದು ಅದೊಂದೇ ಸಲ ಎಂದು ಕಾಣುತ್ತದೆ.

ನಗು ಮುಗಿಯುವ ಮೊದಲೇ ಜೀಪು ಬಂತು, ಅದರ ಹಿಂದೆ ಪೊಲೀಸರಿದ್ದ ಒಂದು ಟೆಂಪೋ. ಇಳಿದವರು ದಂಡಾಧಿಕಾರದ ಸಾಹೇಬರು. ಬಯಲುಸೀಮೆ ಕಡೆಯವರು, ಇನ್ನೂ ನಲವತ್ತಾಗದವರು. ಯಾವ ಹುದ್ದೆ ಎಂದು ಹೇಳುವುದಿಲ್ಲ, ಅವರೀಗ ದೊಡ್ಡವರಾಗಿದ್ದಾರೆ. ಹಿಂದಿನ ದಿನ ಬಿದ್ದ ಕಲ್ಲು ಅವರ ಡ್ರೈವರನ ತಲೆಗೇ ತಾಗಿತ್ತು. ಅವರ ಅಂಗಿಯ ತೋಳಿನ ಮೇಲೆ ಆ ರಕ್ತದ ಕಲೆ ಇನ್ನೂ ಇತ್ತು. ಬಟ್ಟೆ ಬದಲಿಸಲೂ ಮನೆಗೆ ಹೋಗಿರಲಿಲ್ಲ ಅಂದರೆ ನೀವೇ ಊಹಿಸಿ.

"ಬುಟ್ಟಿಗಳನ್ನೆಲ್ಲ ಟೆಂಪೋಗೆ ಹಾಕಿ," ಎಂದರು.

"ಬರೆದು ಕೊಡಿ," ಎಂದ ಮಾವ.

"ಪಕ್ಕಕ್ಕೆ ಸರೀರಿ."

"ಹಣ್ಣು ಜಪ್ತಿ ಮಾಡೂಕೆ ನಿಷೇಧಾಜ್ಞೆಯಲ್ಲಿ ಎಲ್ಲಿ ಅದೆ? ಬರೆದು ಕೊಡಿ, ನಾನೇ ಬುಟ್ಟಿ ಎತ್ತಿ ಕೊಡ್ತೆ."

ಒಂದು ಬುಟ್ಟಿ ಟೆಂಪೋದ ಅಂಚಿಗೆ ಬಡಿದು ಬಿತ್ತು. ಹಣ್ಣು ರಸ್ತೆ ತುಂಬ ಉರುಳಿದವು. ಅಜ್ಜಿ ಓಡಿ ಹೋಗಿ ಆಯತೊಡಗಿದಳು. ಅಂಗಡಿಗಳಿಂದ ಜನ ಇಣುಕಿದರು, ನಾಲ್ವರು ರಸ್ತೆಗಿಳಿದರು, ಆಮೇಲೆ ಹತ್ತು ಜನ. ಪೊಲೀಸರ ಕೈ ಲಾಠಿಗೆ ಹೋಯಿತು. ಯಾರಾದರೂ ಒಬ್ಬರು ಕೂಗಿದ್ದರೆ ಸಾಕಿತ್ತು. ಸಾಹೇಬರು ಮಾವನ ರಟ್ಟೆ ಹಿಡಿದರು. "ಇವರನ್ನ ಜೀಪಿಗೆ ಹತ್ತಿಸಿ."

ಮಾವ ತಾನಾಗಿಯೇ ಹತ್ತಿದ. ಹತ್ತುತ್ತ ಜನರ ಕಡೆ ತಿರುಗಿ, "ಯಾರೂ ಬರಬೇಡಿ, ಮನೆಗೆ ಹೋಗಿ," ಎಂದು ಮಾತ್ರ ಹೇಳಿದ.

ನಾನು ಅತ್ತೆಗೆ ಸುದ್ದಿ ಮುಟ್ಟಿಸಿದೆ. ಅವಳು ಅಳಲಿಲ್ಲ, ಕೂಗಲಿಲ್ಲ. ಮಾತ್ರೆ, ಬಿಸ್ಕಿಟು, ಒಂದು ಟವೆಲನ್ನು ಚೀಲಕ್ಕೆ ತುಂಬಿ, "ಜೈಲಲ್ಲಿ ಚಾ ಸಕ್ಕರೆ ಹಾಕದೆ ಕೊಡ್ತ್ರಾ ಕೇಳು," ಎಂದಳು. ಚೀಲದ ಬಾಯಿ ಕಟ್ಟುವಾಗ ಗಂಟು ಮೂರು ಸಲ ಬಿಚ್ಚಿಹೋಯಿತು.

ಸಾಹೇಬರ ಕಚೇರಿ ಮುಟ್ಟಿದಾಗ ಮಾವ ತಾನು ಮೂವತ್ತು ವರ್ಷ ದುಡಿದ ಅದೇ ಕೋಣೆಯಲ್ಲಿ, ಮೇಜಿನ ಈಚೆ ಬದಿಗೆ ನಿಂತಿದ್ದ. ವಿಷಯ ಇಷ್ಟು: ಶಾಂತಿ ಕದಡುವುದಿಲ್ಲವೆಂದು ಒಂದು ವರ್ಷದ ಮುಚ್ಚಳಿಕೆ ಬರೆದುಕೊಟ್ಟು ಸಹಿ ಹಾಕಿದರೆ ಮನೆಗೆ. ಇಲ್ಲವಾದರೆ ಕಾರವಾರದ ಜೈಲಿಗೆ. ವ್ಯಾನು ಹೊರಗೆ ತಯಾರಿತ್ತು. ಅದರ ಎಂಜಿನ್ ಗುರುಗುಡುವುದು ಒಳಗೂ ಕೇಳುತ್ತಿತ್ತು.

ಮಾವ ಸಹಿ ಹಾಕಲಾರೆ ಎಂದ. "ಹಿಡಿದವ್ರೂ ನೀವೇ, ವಿಚಾರಣೆ ಮಾಡೂರೂ ನೀವೇ. ಇದು ಎಂತಾ ವಿಚಾರಣೆ?"

"ಕಾನೂನು ಕೊಟ್ಟ ಅಧಿಕಾರ."

"ಕೊಟ್ಟದ್ದು ಗೊತ್ತದೆ. ಕೊಟ್ಟದ್ದು ಜಾಸ್ತಿ ಆಯ್ತಾ ಅಂತ ಕೇಳ್ತೆ."

ಸಾಹೇಬರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಸಿಟ್ಟು ಬರುತ್ತದೆಂದು ನಾನು ಕಾದೆ. ಬಂದದ್ದು ದಣಿವು. "ಕೇಳಿ ಯಜಮಾನರೇ. ಹೋದ ಮಳೆಗಾಲದಲ್ಲಿ ಗುಡ್ಡ ಬಿರುಕು ಬಿಟ್ಟಿದೆ ಅಂತ ಸುದ್ದಿ ಬಂತು. ಕೆಳಗಿನ ಮನೆಯವರು ಯಾರೂ ಏಳಲಿಲ್ಲ. ಬಾಗಿಲು ಒಡೆಸಿದೆ. ಒಬ್ಬ ಮುದುಕಿ ನನ್ನ ಕೈ ಕಚ್ಚಿದಳು, ಆದರೂ ಎತ್ತಿಕೊಂಡು ಬಂದೆ. ಮಧ್ಯಾಹ್ನ ಗುಡ್ಡ ಬಂತು. ಅವತ್ತು ನಾನು ಯಾರ ಹತ್ತಿರ ಬರೆಸಿಕೊಳ್ಳಬೇಕಿತ್ತು?"

ಮಾವ ಎತ್ತಿದ್ದ ಬೆರಳನ್ನು ಇಳಿಸಿದ. ನಾನು ಕಂಡ ಮಟ್ಟಿಗೆ ಅದೇ ಮೊದಲು!

"ಯಾರ ಹತ್ರನೂ ಬ್ಯಾಡ," ಎಂದ. "ಅವತ್ತು ನಾ ಇದ್ದಿದ್ರೆ ಬಾಗಿಲಿಗೆ ನಾನೂ ಹೆಗಲು ಕೊಡ್ತಿದ್ದೆ."

"ಮತ್ತೆ?"

"ಇದು ಗುಡ್ಡ ಅಲ್ಲಲಾ ಸಾಹೇಬ್ರೇ, ಹಣ್ಣು. ಗುಡ್ಡ ಯಾವುದು ಹಣ್ಣು ಯಾವುದು ಅಂತ ನೀವೊಬ್ರೇ ತೀರ್ಮಾನ ಮಾಡೂದಾದ್ರೆ, ನಿಮಗೆ ನಿದ್ದೆ ಇಲ್ಲದ ದಿನ ಹಣ್ಣೂ ಗುಡ್ಡ ಕಂಡಂಗೆ ಕಾಣ್ತದೆ."

"ನಾನು ತಪ್ಪು ಮಾಡಿದರೆ ಕೋರ್ಟಿದೆ."

"ಕೋರ್ಟಿಗೆ ಹೋಗಿ ಬರೂದ್ರೊಳಗೆ ಇಶಾಡು ಕೊಳ್ತು ಹುಳ ಬೀಳ್ತದೆ."

ಸಾಹೇಬರು ಎದ್ದು ನಿಂತರು. ಮಾತು ಸಾಕೆಂಬಂತೆ ಕೈ ಎತ್ತಿ, ಕಂಪ್ಯೂಟರ್ ಮುಂದಿದ್ದ ಗುಮಾಸ್ತಳಿಗೆ ಆದೇಶ ಓದಿ ಹೇಳಲು ಸೂಚಿಸಿದರು. ಆಕೆ ತಯಾರಿದ್ದ ನಮೂನೆಯಲ್ಲಿ ಮಾವನ ಹೆಸರು ತುಂಬಿ, ಗಡಿಬಿಡಿಯಲ್ಲಿ ಓದಿದಳು: "ಸದರಿ ಇಸಮನು ಜಗಳಗಂಟ ಸ್ವಭಾವದವನಿದ್ದು, ಸದರಿಯವನನ್ನು ಹಾಗೆಯೇ ಬಿಟ್ಟಲ್ಲಿ ಗ್ರಾಮದ ನೆಮ್ಮದಿಗೂ ಸಾರ್ವಜನಿಕ ಶಾಂತಿಗೂ ಭಂಗ ಬರುವ ಸಂಭವ ಕಂಡುಬಂದಿರುವುದರಿಂದ..."

ಇಸಮ ಅಂದರೆ ಆಸಾಮಿ, ಮನುಷ್ಯ. ಸರ್ಕಾರಿ ಕಾಗದದೊಳಗೆ ಹೊಕ್ಕ ಕೂಡಲೇ ನಾವೆಲ್ಲ ಇಸಮರೇ.

ಮಾವನ ಮುಖ ಬಿಳಿಚಿತು. ಸಕ್ಕರೆ ಇಳಿಯಿತೆಂದು ನಾನು ಬಿಸ್ಕಿಟು ತೆಗೆದೆ. ಅವನು ಕೈಯಿಂದ ತಡೆದ.

"ಇನ್ನೊಂದು ಸಲ ಓದು ತಂಗೀ."

ಆಕೆ ಓದಿದಳು.

"ಇದು ನನ್ನ ವಾಕ್ಯ," ಎಂದ ಮಾವ.

"ಏನು?"

"ನಾ ಬರೆದ ವಾಕ್ಯ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಆಗಿನ ಸಾಹೇಬ್ರು, ಎಲ್ಲಾರಿಗೂ ಆಗೂ ಹಾಂಗೆ ಒಂದು ಬರೆದಿಡು, ಸಲಸಲ ಕಾರಣ ಹುಡುಕೂಕೆ ಬ್ಯಾಡ ಅಂದ್ರು. ಗ್ರಾಮದ ನೆಮ್ಮದಿಗೂ ಅಂತ ಸೇರಿಸಿದ್ದು ಚಂದ ಕಾಣ್ತದೆ ಅಂತ." ಅವನು ಮೇಜಿನ ಅಂಚು ಹಿಡಿದುಕೊಂಡ. "ಇನ್ನೂ ಇದನ್ನೇ ಹಾಕ್ತ್ರಾ?"

ಗುಮಾಸ್ತಳು ತಲೆಯಾಡಿಸಿದಳು.

"ಸಾಹೇಬ್ರೇ," ಎಂದ ಮಾವ. ದನಿ ತಗ್ಗಿತ್ತು. "ಇದು ಯಾರಿಗೆ ಬೇಕಾದ್ರೂ ಆಗ್ತದೆ. ನಂಗೆ ಮಾತ್ರ ಆಗೂದು ಬರೀರಿ. ನಾ ಇವತ್ತು ಎಂತಾ ಮಾಡ್ದೆ, ಅದನ್ನ ಬರೀರಿ. ಬರೆದ್ರೆ ಬಾಯ್ಮುಚ್ಚಿ ವ್ಯಾನು ಹತ್ತತೆ."

ಸಾಹೇಬರು ಕಾನ್‌ಸ್ಟೇಬಲ್ ಬರೆದುಕೊಟ್ಟಿದ್ದ ವರದಿಯನ್ನು ಎಳೆದುಕೊಂಡರು. ಆಮೇಲೆ ಪಂತಕ್ಕೆ ಬಿದ್ದವರಂತೆ, "ಟೈಪ್ ಮಾಡಿ," ಎಂದು ತಾವೇ ಹೇಳತೊಡಗಿದರು. "ಸದರಿ ಇಸಮನು ಮಾವಿನಹಣ್ಣು ಮಾರುತ್ತಿದ್ದ ಹನ್ನೆರಡು ಹೆಂಗಸರನ್ನು... ನಾಲ್ಕು ನಾಲ್ಕು ಜನರಂತೆ... ಇಪ್ಪತ್ತು ಹೆಜ್ಜೆ ಅಂತರದಲ್ಲಿ ಕೂರಿಸಿ... ತಾನು ಐದನೆಯವನಾಗುವೆನೆಂದು ತಿಳಿದ ಕೂಡಲೇ..." ಅಲ್ಲಿ ನಿಲ್ಲಿಸಿದರು.

"ತಿಳಿದ ಕೂಡಲೇ, ಸರ್?" ಎಂದಳು ಗುಮಾಸ್ತಳು.

"...ಹಿಂದಕ್ಕೆ ಹಾರಿ," ಎಂದರು ಸಾಹೇಬರು.

ಗುಮಾಸ್ತಳು ತುಟಿ ಕಚ್ಚಿ ಹಿಡಿದರೂ ಮೂಗಿನಿಂದ ಒಂದು ಸದ್ದು ಹೊರಟೇಬಿಟ್ಟಿತು. ಕಾಗದ ಪ್ರಿಂಟಾಗಿ ಬಂತು. ಸಾಹೇಬರು ಅದನ್ನು ಎರಡು ಸಲ ಓದಿದರು. ಪೆನ್ನು ಸಹಿಯ ಜಾಗದ ತನಕ ಹೋಗಿ ನಿಂತಿತು. ಎಷ್ಟು ಹೊತ್ತು ನಿಂತಿತೋ ನಾನರಿಯೆ. ವ್ಯಾನಿನವನು ಎಂಜಿನ್ ಆರಿಸಿದ್ದು ಮಾತ್ರ ಕೇಳಿಸಿತು.

"ಇದಕ್ಕೆ ನಾನು ಹೇಗ್ರೀ ಸಹಿ ಹಾಕಲಿ?" ಎಂದರು. ಕೇಳಿದ್ದು ಯಾರನ್ನೋ ತಿಳಿಯಲಿಲ್ಲ. ಕಾಗದ ಮಡಚಿ ಮೇಜಿನ ಖಾನೆಗೆ ಹಾಕಿ, ಬುಟ್ಟಿಗಳನ್ನು ವಾಪಸು ಕೊಡಲು ಹೇಳಿದರು. ನಾವು ಬಾಗಿಲು ದಾಟುವಾಗ ಮಾವನನ್ನು ಕರೆದು, "ನಾಳೆ ಮಾತ್ರ ಪೇಟೆಗೆ ಬರಬೇಡಿ. ಇದು ಆದೇಶ ಅಲ್ಲ, ಬೇಡಿಕೆ," ಎಂದರು. ಮಾವ ಕೈ ಮುಗಿದ. ಬರೆದು ಕೊಡಿ ಅನ್ನಲಿಲ್ಲ!

ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ನಾನು ಉಬ್ಬಿಹೋಗಿದ್ದೆ. ಮಲ್ಲಾಪುರಕ್ಕೆ ಹೋಗಿ ಸ್ಟಾಫ್ ರೂಮಿನಲ್ಲಿ ಇದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. "ಮಾವಾ, ಹುಲಿ ನೀನು! ಸಾಹೇಬ್ರ ಪೆನ್ನೇ ನಿಲ್ಲಿಸಿಬಿಟ್ಟೆ!" ಎಂದು ಗಾಳಿಗೆ ಕೇಳುವಂತೆ ಕೂಗಿದೆ.

ನನ್ನ ಭುಜ ಹಿಡಿದಿದ್ದ ಅವನ ಕೈ ನಡುಗುತ್ತಿತ್ತು. ರಸ್ತೆಯ ಕುಲುಕೆಂದುಕೊಂಡೆ. ಗೇರುಮರಗಳ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸಿದೆ. ನಿಂತ ಮೇಲೂ ಕೈ ನಡುಗುತ್ತಲೇ ಇತ್ತು.

"ಅಲ್ಲಿ ನಿಂತಾಗ ನನ್ನ ಕಾಲು ನಡುಗ್ತಿತ್ತು ಮಗಾ," ಎಂದ ಹಿಂದಿನಿಂದ. "ನಿಂಗೆ ಕಂಡ್ತಾ?"

"ಇಲ್ಲ ಮಾವಾ."

"ಮೂವತ್ತು ವರ್ಷ ಆ ಮೇಜಿನ ಆಚೆ ಕೂತಿದ್ದೆ. ಎಷ್ಟು ಜನ ಈಚೆ ನಿಂತು ಹೋದ್ರೋ. ಆ ವಾಕ್ಯ ಟೈಪ್ ಮಾಡ್ದೆ, ಸಹಿ ಹಾಕ್ಸಿದೆ, ಮುಂದಿನವ್ರು ಬರ್ಲಿ ಅಂದೆ. ಅವ್ರ ಕಾಲೂ ನಡುಗ್ತಿತ್ತು ಕಾಣ್ತದೆ." ನನ್ನ ಭುಜ ಒತ್ತಿ ಹಿಡಿದ. "ಒಂದಿನಾನೂ ತಲೆ ಎತ್ತಿ ನೋಡ್ಲಿಲ್ಲ ನಾನು."

ಭುಜದ ಮೇಲಿದ್ದ ಆ ಕೈಯ ಮೇಲೆ ನನ್ನ ಕೈ ಇಟ್ಟೆ. ಅವನು ನನ್ನ ಬೆನ್ನಿಗೆ ಹಣೆ ಒರಗಿಸಿದ. ಎಷ್ಟೋ ವಾಹನಗಳು ನಮ್ಮನ್ನು ದಾಟಿ ಹೋದವು. ನಡುಕ ನಿಲ್ಲುವ ತನಕ ನಾನು ಸ್ಕೂಟರ್ ಚಾಲೂ ಮಾಡಲಿಲ್ಲ.