ತಾಳ ಹಾಕಿದ ನಕ್ಷತ್ರ

"ಇಂದೂ, ಇಲ್ಲಿ ನೋಡೇ! ಇನ್ನು ನಿನ್ನ ಹಾಡು ಓಡೋಕೆ ಸಾಧ್ಯವೇ ಇಲ್ಲ!" ಎಂದು ನಂಜುಂಡಯ್ಯ ಮೇಜಿನ ಮೇಲಿನ ಬಟ್ಟೆ ಎಳೆದರು.

ಹೆಂಡತಿ ಇಂದುಮ್ಮ ನೋಡಿದರು. ಒಂದು ಮರದ ತೊಡೆ, ಅದರ ಮೇಲೊಂದು ಮರದ ಕೈ, ಪಕ್ಕದಲ್ಲಿ ಪೆಟ್ಟಿಗೆ. ಪೆಟ್ಟಿಗೆಯ ತಂತಿ ಕಿಟಕಿ ದಾಟಿ ಅಂಗಳದಲ್ಲಿದ್ದ ದೊಡ್ಡ ಹಿತ್ತಾಳೆ ಹರಿವಾಣಕ್ಕೆ ಸೇರಿತ್ತು.

"ಅಯ್ಯೋ, ಅತ್ತೆಯವರ ಹರಿವಾಣ!"

"ಅದೀಗ ಆಂಟೆನಾ. ಮುಟ್ಟಬೇಡ!"

ಹಾಸನದಲ್ಲಿದ್ದ ತಮ್ಮ ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ನಂಜುಂಡಯ್ಯನವರ ಕೈಯಿಂದ ಮನೆಯ ಯಾವ ಪಾತ್ರೆಗೂ ನೆಮ್ಮದಿಯಿರಲಿಲ್ಲ. ಆದರೆ ಈ ಸಲ ಇಂದುಮ್ಮ ಜಗಳ ಬೆಳೆಸಲಿಲ್ಲ. ಅವರ ಕಂಠ ಇಂಪು. ಕಾಲ, ಅಂದರೆ ಹಾಡಿನ ವೇಗ, ಮಾತ್ರ ಹಿಡಿತದಲ್ಲಿ ನಿಲ್ಲದು. ನಿಧಾನವಾಗಿ ಶುರುವಾದ ಕೀರ್ತನೆ ಚರಣ ಮುಟ್ಟುವಷ್ಟರಲ್ಲಿ ಬಸ್ಸು ಹಿಡಿಯುವವರ ಆತುರಕ್ಕೆ ಬೀಳುತ್ತಿತ್ತು. ಹೋದ ರಾಮನವಮಿಯ ಕಚೇರಿಯಲ್ಲಿ ಬೆವರು ಒರೆಸಿಕೊಳ್ಳಲೂ ಪುರುಸೊತ್ತು ಸಿಗದ ಮೃದಂಗದ ಚನ್ನಕೇಶವಾಚಾರ್ಯರು, "ಈಯಮ್ಮ ಇನ್ನೊಂದು ಸಲ ಓಡಿದ್ರೆ ನಾನು ಪಕ್ಕದಲ್ಲಿ ಕೂರೋಲ್ಲ" ಎಂದುಬಿಟ್ಟಿದ್ದರು. ರಾಮನವಮಿ ಸಮಿತಿಯವರೂ ಈ ವರ್ಷದ್ದೇ ಕೊನೆಯ ಅವಕಾಶ ಎಂದಿದ್ದರು. ಹಾಡುವುದನ್ನೂ ಬಿಡಿಸಿಬಿಟ್ಟರೆ ತನಗೇನು ಉಳಿಯಿತು ಎಂದು ಇಂದುಮ್ಮ ನಿಜಕ್ಕೂ ಹೆದರಿದ್ದರು.

"ಇದಕ್ಕೆ ತಾಳ ಹೇಳಿಕೊಡೋರು ಯಾರು?"

"ನಕ್ಷತ್ರ!"

"ಬೆಳಗ್ಗೆ ಹತ್ತು ಗಂಟೆಗೆ ನಕ್ಷತ್ರ ಎಲ್ಲಿದೇರೀ?"

"ಕಣ್ಣಿಗೆ ಕಾಣೋಲ್ಲ, ರೇಡಿಯೋಗೆ ಕೇಳ್ಸುತ್ತೆ. ಪಲ್ಸಾರ್ ಅಂತ. ಅರವತ್ತೇಳನೇ ಇಸವೀಲಿ ಇಂಗ್ಲೆಂಡಿನಲ್ಲಿ ಓದ್ತಿದ್ದ ಒಬ್ಬ ಹೆಣ್ಣುಮಗಳು, ರೇಡಿಯೋ ದೂರದರ್ಶಕ ಮಾರುಗಟ್ಟಲೆ ಕಾಗದದ ಮೇಲೆ ಗೀಚಿದ ಗೆರೆ ನೋಡ್ತಾ ಕೂತಾಗ ಸಿಕ್ಕಿದ್ದು. ಟಕ್... ಟಕ್... ಟಕ್! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಬೇರೆ ಲೋಕದವರು ಕರೀತಿದಾರೇನೋ ಅಂತಲೂ ಅನುಮಾನ ಬಂತಂತೆ!"

"ಕರೀತಿದ್ರಾ?"

"ಇಲ್ಲ ಕಣೇ! ದೊಡ್ಡ ನಕ್ಷತ್ರ ಸಿಡಿದು ಸತ್ತ ಮೇಲೆ ಉಳಿಯೋ ತಿರುಳು, ನ್ಯೂಟ್ರಾನ್ ನಕ್ಷತ್ರ. ಅಗಲ ಒಂದು ಊರಿನಷ್ಟು, ಆದ್ರೆ ಒಂದು ಚಮಚ ತೆಗೆದ್ರೆ ಬೆಟ್ಟದ ತೂಕ! ಗಿರಗಿರ ತಿರುಗ್ತಿರುತ್ತೆ. ಸಮುದ್ರದಂಡೆಯ ದೀಪಸ್ತಂಭದ ಸುತ್ತೋ ಬೆಳಕಿನ ಹಾಗೆ ಅದರ ಕಿರಣ ಸುತ್ತಿಗೊಂದು ಸಲ ನಮ್ಮ ಕಡೆ ಬೀಸಿ ಹೋಗುತ್ತೆ. ಬೀಸಿದಾಗಲೆಲ್ಲ ಒಂದು ಪೆಟ್ಟು!"

ಗುಂಡಿ ಒತ್ತಿದರು. ಮರದ ಕೈ ಎದ್ದು 'ಪಟ್' ಎಂದು ತೊಡೆಗೆ ಬಡಿಯಿತು. ಬೆರಳು ಎಣಿಸಬೇಕಾದಲ್ಲಿ ಎಣಿಸಿತು, ಅಂಗೈ ಮಗುಚಬೇಕಾದಲ್ಲಿ ಮಗುಚಿತು. ಅಚ್ಚುಕಟ್ಟಾದ ಆದಿತಾಳ! ಇಂದುಮ್ಮ ಹಾಡಿದರು. ಓಡಲು ಹೋದಾಗಲೆಲ್ಲ ಕೈ ಹಿಂದೆಯೇ ನಿಂತಿತು. ಅವರೇ ವಾಪಸು ಬಂದರು. ಸಂತೋಷಕ್ಕೆ ಅವರ ಕಣ್ಣು ತುಂಬಿತು.

"ಸದ್ದು ಕ್ಷೀಣವಾದ್ರೂ ಯೋಚನೆಯಿಲ್ಲ. ಅಡಿಯಲ್ಲಿ ಮೋಟಾರಿದೆ, ಹರಿವಾಣ ತಾನೇ ತಿರುಗಿ ಬೇರೆ ಪಲ್ಸಾರ್ ಹುಡುಕ್ಕೊಳ್ಳುತ್ತೆ!" ಎಂದರು ನಂಜುಂಡಯ್ಯ.

ರಾಮನವಮಿಯ ಬೆಳಗ್ಗೆ ಚಪ್ಪರ ತುಂಬಿತ್ತು. ಹರಿವಾಣವನ್ನು ವೇದಿಕೆಯ ಪಕ್ಕದ ಬಯಲಲ್ಲಿ ಸ್ಟೂಲಿನ ಮೇಲೆ ಇಟ್ಟಿದ್ದರು. ಇಂದುಮ್ಮ ಬಿಲಹರಿ ರಾಗದ ಕೀರ್ತನೆ ಎತ್ತಿಕೊಂಡರು. ಕೈ ತಾಳ ಹಾಕಿತು. ಆಚಾರ್ಯರು ಒಮ್ಮೆ ಮುಗುಳ್ನಕ್ಕರು ಕೂಡ!

ಅಷ್ಟರಲ್ಲಿ ಕೋಸಂಬರಿಯ ಹಂಡೆ ಹೊತ್ತು ಬಂದ ಅಡುಗೆಯವರ ಕಣ್ಣಿಗೆ ಆ ಹರಿವಾಣ ಬಿತ್ತು. ಹುಣಸೆಹಣ್ಣು ಹಾಕಿ ಬೆಳಗಿದ್ದು, ಫಳಫಳ ಹೊಳೆಯುತ್ತಿದೆ, ಖಾಲಿ ಬೇರೆ! ರಾಮನವಮಿಯ ದಿನ ಖಾಲಿ ಹರಿವಾಣ ಕಂಡವರು ಇನ್ನೇನು ಮಾಡುತ್ತಾರೆ? ಇಡೀ ಬೀದಿಗೆ ಸಾಲುವಷ್ಟು ಕೋಸಂಬರಿ ಸುರಿದು ಹೋದರು.

ವೇದಿಕೆಯ ಮೇಲೆ ಮರದ ಕೈ ಗಾಳಿಯಲ್ಲೇ ನಿಂತಿತು. ಅತ್ತ ಬಯಲಲ್ಲಿ ಹರಿವಾಣ ಗೊಣಗುತ್ತ ಬೇರೆ ನಕ್ಷತ್ರದ ಕಡೆ ತಿರುಗಿತು. ಮರುಕ್ಷಣ ಕೈ ಪಟಪಟಪಟಪಟ ಎಂದು ಬಡಿಯತೊಡಗಿತು!

"ಏಡಿ ನೀಹಾರಿಕೆಯ ಪಲ್ಸಾರ್ ಸಿಕ್ಕಿದೆ! ಸೆಕೆಂಡಿಗೆ ಮೂವತ್ತು ಸುತ್ತು!" ಎಂದು ಕೆಳಗಿನಿಂದ ನಂಜುಂಡಯ್ಯ ಕೂಗಿದರು.

"ಸ್ವಾಮೀ, ನಾನು ಮನುಷ್ಯ!" ಎಂದು ಆಚಾರ್ಯರು ಮೃದಂಗ ಅಪ್ಪಿಕೊಂಡರು.

ಇಂದುಮ್ಮನಿಗೆ ಮೈಯೆಲ್ಲ ಉರಿಯಿತು. ಒಬ್ಬರು ಹಾಡುತ್ತಿರುವಾಗ ಹೀಗೆ ಓಡುವುದೇ? ಜೊತೆಗಿರುವವರ ಗತಿಯೇನು ಎಂಬ ಯೋಚನೆ ಬೇಡವೇ? ಹೋದ ವರ್ಷ ಆಚಾರ್ಯರಿಗೂ ಹೀಗೇ ಆಗಿರಬೇಕು ಎಂದು ಹೊಳೆದಾಗ ನಾಚಿಕೆಯಾಯಿತು. 'ನೀನು ಎಲ್ಲಿಗೆ ಬೇಕಾದರೂ ಓಡು, ನಾನು ಬರೋಲ್ಲ' ಎಂದು ಹಟ ಹಿಡಿದು, ತಮ್ಮ ತೊಡೆಯ ಮೇಲೆ ತಾವೇ ತಾಳ ಹಾಕಿಕೊಂಡು ಹಾಡು ಮುಂದುವರಿಸಿದರು. ಆಚಾರ್ಯರು ಇಂದುಮ್ಮನ ಕೈಯನ್ನೇ ನೋಡುತ್ತ ಮತ್ತೆ ನುಡಿಸತೊಡಗಿದರು.

"ಆಂಟೆನಾಗೆ ಕೋಸಂಬರಿ ಹಾಕಿದವರು ಯಾರ್ರೀ!" ಎಂದು ನಂಜುಂಡಯ್ಯ ಬಯಲಿಗೆ ಓಡಿದರು. ಅವರು ಮುಟ್ಟುವ ಮೊದಲೇ ಹರಿವಾಣ ಇನ್ನೊಂದು ನಕ್ಷತ್ರಕ್ಕಾಗಿ ಗಿರ್ರನೆ ತಿರುಗಿ, ಮೊರದ ಹಾಗೆ ತನ್ನನ್ನೇ ಕೊಡವಿಕೊಂಡಿತು. ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ ಚಪ್ಪರದ ತುಂಬ ಸುರಿಯಿತು! ಪ್ರಸಾದ ಆಕಾಶದಿಂದಲೇ ಬರುತ್ತಿದೆ ಎಂದುಕೊಂಡ ಜನ ಸೆರಗೊಡ್ಡಿದರು, ಟೋಪಿಯೊಡ್ಡಿದರು.

ಖಾಲಿಯಾದ ಹರಿವಾಣಕ್ಕೆ ಸೆಕೆಂಡಿಗೆ ಆರುನೂರಕ್ಕೂ ಹೆಚ್ಚು ಸುತ್ತುವ ಪಲ್ಸಾರ್ ಸಿಕ್ಕಿತು. ಈಗ ಪೆಟ್ಟೇ ಕೇಳಲಿಲ್ಲ. ಪೆಟ್ಟುಗಳೆಲ್ಲ ಕೂಡಿಕೊಂಡು ಒಂದೇ ಸ್ವರವಾಗಿ, ಮರದ ತೊಡೆ 'ಕುಂಯ್' ಎಂದು ಇಂದುಮ್ಮನ ಪಂಚಮವನ್ನೇ ಹಿಡಿದು ಹಾಡಿತು! ಆ ಶ್ರುತಿಯ ಮೇಲೆ, ಒಂದಿಷ್ಟೂ ಓಡದೆ, ಅವರು ಮಂಗಳ ಹಾಡಿ ಮುಗಿಸಿದರು. ಚಪ್ಪಾಳೆ ನಿಲ್ಲಲೇ ಇಲ್ಲ.

ಆಚಾರ್ಯರು ತಲೆಯಿಂದ ಹೆಸರುಬೇಳೆ ಉದುರಿಸಿಕೊಳ್ಳುತ್ತ ಕೈಮುಗಿದರು. "ಮುಂದಿನ ವರ್ಷವೂ ನಾನೇ ನುಡಿಸ್ತೀನಮ್ಮ. ಇವತ್ತು ನಿಮ್ಮ ಕಾಲ ಕಲ್ಲಿನ ಹಾಗಿತ್ತು."

ಆಮೇಲೆ ಖಾಲಿ ಹರಿವಾಣ ಹೊತ್ತು ನಿಂತಿದ್ದ ನಂಜುಂಡಯ್ಯನವರ ಕಡೆ ತಿರುಗಿದರು.

"ಆ ನಕ್ಷತ್ರಗಳಿಗೆ ಹೇಳಿಬಿಡಿ ಸ್ವಾಮಿ, ತಾಳ ಕಲಿಯೋದಿದ್ರೆ ಇವರ ಹತ್ರ ಪಾಠಕ್ಕೆ ಬರಲಿ."