ಬಿನ್ನವತ್ತಳೆಯಲ್ಲಿದ್ದ ಸೇತುವೆ

ಹೊಗಳಿ ಬರೆಯುವುದೂ ಒಂದು ಚಟವೇ. ನಶ್ಯ ಏರಿಸುವವನಿಗೆ ನಾಲ್ಕು ಜನರ ನಡುವೆ ಸೀನು ಬಂದಾಗಲಾದರೂ ನಾಚಿಕೆಯಾಗುತ್ತದೆ. ಹೊಗಳಿ ಬರೆಯುವವನಿಗೆ ಅದೂ ಇಲ್ಲ, ಬರೆದಷ್ಟೂ ಇನ್ನೊಂದು ಸಾಲು ಬರೆಯೋಣ ಅನ್ನಿಸುತ್ತದೆ. ನಾನು ಸೋಮವಾರಪೇಟೆಯ ಕಡೆ ಒಬ್ಬ ಬಿಳಿ ದೊರೆಯ ಕಾಫಿ ತೋಟದಲ್ಲಿ ರೈಟರಾಗಿದ್ದೆ. ರೈಟರೆಂದರೆ ದೊಡ್ಡದೇನೂ ಅಲ್ಲ, ಆಳುಗಳ ಹಾಜರಿ ಬರೆಯುವವನು. ಆದರೆ ದಿನವಿಡೀ ಹೆಸರುಗಳ ಮುಂದೆ ಗೀಟು ಎಳೆಯುವವನಿಗೆ ಸಂಜೆ ಹೊತ್ತಿಗೆ ಕೈ ನವೆಯಲು ತೊಡಗುತ್ತದೆ. ಹಾಗಾಗಿ ಊರಿನಲ್ಲಿ ಯಾರಿಗೆ ಸನ್ಮಾನವಾಗಲಿ, ಯಾರಿಗೆ ವರ್ಗವಾಗಲಿ, ಬಿನ್ನವತ್ತಳೆ ಬರೆದು ಓದುವ ಕೆಲಸ ನನ್ನದೇ. ದನದ ಡಾಕ್ಟರಿಗೆ ವರ್ಗವಾದಾಗ ನಾನು ಓದಿದ್ದನ್ನು ಕೇಳಿ ಅವರು ಕಣ್ಣೊರೆಸಿಕೊಂಡರು. "ಅವ್ರು ಅತ್ತಿದ್ದು ಬಿಸ್ಲಿಗೆ ಕಣ್ರೀ, ಒಂದು ಗಂಟೆ ನಿಲ್ಸಿದ್ರಿ" ಎಂದು ನನ್ನ ಹೆಂಡತಿ ಪಾರ್ವತಿ ಇವತ್ತಿಗೂ ಹೇಳುತ್ತಾಳೆ. ಅವಳಿಗೆ ಸಾಹಿತ್ಯದ ಗಂಧ ಕಡಿಮೆ.

ನಮ್ಮೂರಿನ ತಾಪತ್ರಯವೆಂದರೆ ಒಂದು ಹಳ್ಳ. ಬೇಸಿಗೆಯಲ್ಲಿ ಕೋಳಿಮರಿ ದಾಟುವಷ್ಟು ನೀರು, ಆಷಾಢದಲ್ಲಿ ಆನೆಯೂ ಅನುಮಾನಿಸುವಷ್ಟು. ಸಂತೆ, ಆಸ್ಪತ್ರೆ, ಸೂಲಗಿತ್ತಿಯ ಮನೆ ಎಲ್ಲ ಹಳ್ಳದ ಆಚೆ. ಕಂದಾಯ ಕಟ್ಟುವ ನಾವು ಈಚೆ. ಕಂದಾಯದ ಜೊತೆಗೆ ರಸ್ತೆಗೆಂದು ಒಂದು ಪಟ್ಟಿಯನ್ನೂ ವಸೂಲಿ ಮಾಡುತ್ತಿದ್ದರು. ಪಟೇಲರ ಜಗಲಿಯಲ್ಲಿ ಅದನ್ನು ಎಣಿಸಿ ಕೊಡುವಾಗಲೆಲ್ಲ ದೇವಮ್ಮ ಎಂಬ ಮುದುಕಿ ಕೇಳುತ್ತಿದ್ದಳು, "ಅಲ್ಲಾ, ನಂದು ಯಾವ ರಸ್ತೆಗೆ ಹೋಯ್ತು ಅಂತ ತೋರ್ಸಿ, ಒಂದು ಸಲ ಅದ್ರ ಮೇಲೆ ನಡೆದು ಬತ್ತೀನಿ." ಅವಳಿಗಿದ್ದದ್ದು ಒಂದು ತುಂಡು ಗದ್ದೆ ಮತ್ತು ಒಬ್ಬಳೇ ಮಗಳು. ಓಟು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಕಂದಾಯವನ್ನಂತೂ ಒಂದು ವರ್ಷವೂ ತಪ್ಪಿಸಿದವಳಲ್ಲ.

ಆ ವರ್ಷ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವುದು ಸರಿಯಾಗಿ ಆಷಾಢದಲ್ಲಿ. ಹಿಂದೊಮ್ಮೆ ಊರಿನ ಒಬ್ಬಳ ಹೆರಿಗೆಯ ಹೊತ್ತಿಗೆ ಹಳ್ಳ ತುಂಬಿ ಸೂಲಗಿತ್ತಿ ಆಚೆ ದಡದಲ್ಲೇ ನಿಂತು ಕೂಗಿ ಕೂಗಿ ಹೇಳಿಕೊಡಬೇಕಾಗಿ ಬಂದದ್ದನ್ನು, ಆ ಮಗು ಉಳಿಯದೇ ಹೋದದ್ದನ್ನು, ದೇವಮ್ಮ ಮರೆತಿರಲಿಲ್ಲ. ಅಷ್ಟರಲ್ಲಿ ನಮ್ಮ ಹಳ್ಳದ ಸೇತುವೆಗೆಂದು ಎಂದೋ ತೆಗೆದಿಟ್ಟ ಹಣ ಇನ್ನೆಲ್ಲೋ ಖರ್ಚಾಯಿತಂತೆ ಎಂಬ ಸುದ್ದಿ ಸಂತೆಯಿಂದ ಬಂತು. ನಮ್ಮ ಕಡೆಯಿಂದ, ಸೀಮೆಯ ಸರ್ಕಾರ ಕೂರುವ ಮರ್ಕರಾದ ಕೌನ್ಸಿಲ್ಲಿಗೆ ಆರಿಸಿ ಹೋಗಿದ್ದವರು ಈರಪ್ಪನವರು. ಹೋಗಿ ಅವರನ್ನೇ ಕೇಳುವುದು ಎಂದಾಯಿತು. ಕೇಳುವವರು ಯಾರು? ಊರಿನಲ್ಲಿ ಕೋಟು ಇದ್ದವನು ನಾನೊಬ್ಬನೇ.

ಮೂರು ದಿನ ಕಾಫಿ ಗಿಡಗಳ ಮುಂದೆ ನಿಂತು ಅಭ್ಯಾಸ ಮಾಡಿದೆ. "ಪ್ರಜೆಗಳ ಹಣವನ್ನು ಯಾವ ಬಾಬ್ತಿಗೆ ವಿನಿಯೋಗಿಸಿದಿರಿ?" ಎಂದು ನಾನು ಗುಡುಗಿದರೆ ಗಿಡಗಳು ತೆಪ್ಪಗೆ ನಿಂತಿರುತ್ತಿದ್ದವು. ನಾಲ್ಕನೆಯ ದಿನ ನಾನು, ದೇವಮ್ಮ, ಊರಿನ ನಾಲ್ಕೈದು ಹಿರಿಯರು ಹೊರಟೆವು. ಸಂತೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಹೊಸ ರಸ್ತೆ ಸಿಕ್ಕಿತು. ಜಲ್ಲಿ ಹಾಕಿ, ಉರುಳೆ ಹೊಡೆದು, ಮೋರಿ ಕಟ್ಟಿ, ಬಹಳ ಚೆನ್ನಾಗಿ ಮಾಡಿದ್ದರು. ಅದು ನೇರವಾಗಿ ಈರಪ್ಪನವರ ಗೇಟಿನ ತನಕ ಹೋಗಿ ಅಲ್ಲಿಗೇ ಮುಗಿದಿತ್ತು. ಗೇಟಿನ ಪಕ್ಕದಲ್ಲಿ ಸರ್ಕಾರದ ಮುದ್ರೆ ಹೊಡೆದ ನಾಲ್ಕು ಮತ್ತಿ ಮರದ ದಿಮ್ಮಿಗಳು ಬಿದ್ದಿದ್ದವು. ದೇವಮ್ಮ ಅವುಗಳಲ್ಲೊಂದರ ಮೇಲೆ ಕೂತು ಸುಧಾರಿಸಿಕೊಂಡಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಮನೆಗೆ ಬಂದವರು ಏನು ಹೇಳಲು ಬಂದಿದ್ದರೂ ಮೊದಲು ಎಲೆಯ ಮುಂದೆ ಕೂರಬೇಕು. ಈರಪ್ಪನವರು ಪದ್ಧತಿ ಬಿಡುವವರಲ್ಲ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಣ್ಣೆ, ಜೇನುತುಪ್ಪ. ಮೂರನೆಯ ರೊಟ್ಟಿಗೆ ನನ್ನ ಗುಡುಗು ಅಡಗಿತು, ಐದನೆಯದಕ್ಕೆ ಪ್ರಶ್ನೆಯೇ ಸ್ವಲ್ಪ ಒರಟಾಯಿತೇನೋ ಅನ್ನಿಸತೊಡಗಿತು. ಉಂಡ ಮನೆಗೆ ಎರಡು ಬಗೆಯಬಾರದು ಅಂತ ಹಿರಿಯರು ಹೇಳಿರುವಾಗ ನಾನು ಯಾವ ಲೆಕ್ಕ? ದೇವಮ್ಮ ಮಾತ್ರ "ವ್ರತ ಐತೆ ಸ್ವಾಮಿ" ಎಂದು ನೀರನ್ನೂ ಮುಟ್ಟಲಿಲ್ಲ. ಅವಳಿಗೆ ಯಾವ ವ್ರತವೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಅಂತೂ ಕೈ ತೊಳೆದುಕೊಂಡು, ಆದಷ್ಟು ಮೆತ್ತಗೆ ಕೇಳಿದೆ. ಈರಪ್ಪನವರು ಸಿಟ್ಟಾಗಲಿಲ್ಲ. ಗೋಡೆಯ ಮೇಲಿದ್ದ ಗಾಜು ಹಾಕಿಸಿದ ಚೌಕಟ್ಟೊಂದನ್ನು ತೆಗೆಸಿ ನನ್ನ ಕೈಗೆ ಕೊಟ್ಟರು. "ನಿಮ್ಮ ಕಂಠ ಚೆನ್ನಾಗೈತೆ ರೈಟ್ರೇ, ನೀವೇ ಓದಿ, ಎಲ್ರೂ ಕೇಳ್ಲಿ" ಎಂದರು. ನೋಡುತ್ತೇನೆ, ಅವರು ಗೆದ್ದಾಗ ಊರಿನ ಪರವಾಗಿ ನಾನೇ ಬರೆದು ಕೊಟ್ಟ ಬಿನ್ನವತ್ತಳೆ! ಆಗಿನ್ನೂ ಅವರು ಕೌನ್ಸಿಲ್ಲಿನ ಮೆಟ್ಟಿಲು ಹತ್ತಿರಲಿಲ್ಲ. ಓದಿದೆ. "ರಸ್ತೆ, ಸೇತುವೆ, ಸಾಲುಮರಗಳಿಂದ ನಮ್ಮ ಗ್ರಾಮವನ್ನು ನಂದನವನವಾಗಿಸಿದ ಮಹನೀಯರೇ, ತಮ್ಮ ಕೃಪೆಯಿಂದ ನಮಗೆ ಇನ್ನು ಬೇಡಲು ಏನೂ ಉಳಿದಿಲ್ಲ." ನಿಜ ಹೇಳುತ್ತೇನೆ, ರಸ್ತೆ ಎಂದ ಮೇಲೆ ಸೇತುವೆ ಬಾರದಿದ್ದರೆ ಆ ವಾಕ್ಯ ಕುಂಟುತ್ತಿತ್ತು. ಅದಕ್ಕೆ ಹಾಕಿದ್ದೆ.

"ಇದನ್ನ ಮರ್ಕರಾದಲ್ಲೂ ತೋರ್ಸಿದೀನಿ. ಸೇತುವೆ ಐತೆ ಅಂತ ಊರವ್ರೇ ಬರ್ಕೊಟ್ಟವ್ರೆ. ಇರೋ ಸೇತುವೆಗೆ ಮತ್ತೆ ದುಡ್ಡು ಕೇಳಿದ್ರೆ ಪ್ರಜೆಗಳ ಹಣ ಪೋಲು ಮಾಡ್ದಂಗಲ್ವಾ? ಅದಕ್ಕೇ ಈ ಕಡೆ ರಸ್ತೆಗೆ ಹಾಕ್ಸಿದೆ" ಎಂದರು ಈರಪ್ಪನವರು. ಹಿರಿಯರೆಲ್ಲ ನನ್ನ ಮುಖ ನೋಡಿದರು. ನಾನು ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ದೇವಮ್ಮನ ಮಗಳ ನೆನಪಾಗಿ ಅದನ್ನು ಬೋರಲು ಹಾಕಿ ಕೆಳಗಿಟ್ಟೆ.

ದೇವಮ್ಮ ಎದ್ದು ನಿಂತಳು. "ಸ್ವಾಮಿ, ನಂಗೆ ಓದಕ್ ಬರಲ್ಲ. ರೈಟ್ರಿಗೆ ಬರಿಯೋ ಚಪಲ, ಬರ್ದವ್ರೆ. ನಿಮ್ಗೆ ಕಣ್ಣೈತಲ್ಲ, ಬಂದು ನೋಡ್ಬೌದಿತ್ತಲ್ಲ. ಆ ಸೇತುವೆ ಮೇಲೇ ನಾಳೆ ನಮ್ಮೂರಿಗೆ ಬನ್ನಿ. ನಾನು ನಮ್ ಕಡೆ ದಡದಲ್ಲಿ ಆರತಿ ಹಿಡ್ಕೊಂಡು ನಿಂತಿರ್ತೀನಿ. ಹಂಗೇ, ಗೇಟಿನ ಹತ್ರ ಬಿದ್ದಿರೋ ದಿಮ್ಮಿ ಯಾರ ದುಡ್ಡಿಂದು ಅಂತಾನೂ ಹೇಳ್ಬಿಡಿ" ಎಂದಳು. ಉಪವಾಸವಿದ್ದವಳ ದನಿ ಎಷ್ಟು ಸಲೀಸಾಗಿ ಹೊರಡುತ್ತದೆ ಎಂದು ಅವತ್ತು ತಿಳಿಯಿತು. ಈರಪ್ಪನವರು ಬಿನ್ನವತ್ತಳೆಯನ್ನು ಎತ್ತಿಕೊಂಡು ಸೇತುವೆಯ ಸಾಲನ್ನು ತಾವೇ ಇನ್ನೊಮ್ಮೆ ಓದಿದರು. ಕೆಟ್ಟವರಲ್ಲ ಅವರು. ಎರಡು ವರ್ಷ ಬಿನ್ನವತ್ತಳೆಯ ಕೆಳಗೆ ಕೂತು ಅದನ್ನು ನಂಬಿಬಿಟ್ಟಿದ್ದರು, ಅಷ್ಟೆ.

ಮಾರನೆಯ ದಿನವಲ್ಲ, ನಾಲ್ಕನೆಯ ದಿನ ಬಂದರು. ಮೊದಲ ಮಳೆ ಬಿದ್ದಿತ್ತು. ಹಳ್ಳದ ನಡುವೆ ಕಾಲು ಜಾರಿ, ಸೊಂಟದವರೆಗೆ ನೆನೆದು, ದೇವಮ್ಮನ ಕೈ ಹಿಡಿದೇ ದಡ ಹತ್ತಿದರು. ಆರತಿ ಎತ್ತಿಸಿಕೊಂಡು ಮತ್ತೆ ಅದೇ ಹಳ್ಳಕ್ಕೆ ಇಳಿದು ಹೋದರು. ಆ ವಾರವೇ ದಿಮ್ಮಿಗಳು ಗಾಡಿಯಲ್ಲಿ ಬಂದವು. ಊರವರೇ ಕೈ ಹಾಕಿ, ಆಷಾಢಕ್ಕೆ ಮುಂಚೆ ಮರದ ಸೇತುವೆ ಆಯಿತು. ಸೂಲಗಿತ್ತಿ ಮಳೆಯಲ್ಲಿ ಕೊಡೆ ಹಿಡಿದು ಅದರ ಮೇಲೆ ನಡೆದು ಬಂದಳು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಅವತ್ತು ನಾನು ಯಾರಿಗೂ ಕಾಣದ ಹಾಗೆ ಸೇತುವೆಯ ಮೇಲೆ ಎರಡು ಸಲ ಹೋಗಿ ಬಂದೆ.

ಮಳೆ ನಿಂತ ಮೇಲೆ ಈರಪ್ಪನವರನ್ನು ಕರೆಸಿ ಸೇತುವೆಗೆ ಪೂಜೆ ಮಾಡಿಸುವುದೆಂದು ತೀರ್ಮಾನವಾಯಿತು. ಪೂಜೆ ಎಂದ ಮೇಲೆ ಬಿನ್ನವತ್ತಳೆ ಬೇಡವೇ? ನಾಲ್ಕು ಪುಟ ಬರೆದೆ. ಓದುವ ಮೊದಲು ತನಗೆ ಕೇಳಿಸಬೇಕೆಂದು ದೇವಮ್ಮ ಹಟ ಹಿಡಿದಳು. ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಳು. "ಭಗೀರಥನಂತೆ" ಎಂದೆ. "ಅದು ಐತಾ?" ಎಂದಳು. ಹೊಡೆದು ಹಾಕಿದೆ. "ಸಕಲ ಸೌಕರ್ಯ" ಎಂದೆ. "ಎಲ್ಲೈತೆ, ತೋರ್ಸಿ" ಎಂದಳು. ಹೀಗೆ ಹೊಡೆಯುತ್ತಾ ಹೊಡೆಯುತ್ತಾ ಕೊನೆಗೆ "ಸೇತುವೆ ಆಗಿದೆ" ಎಂಬ ಎರಡು ಪದ ಉಳಿದವು. ಇಷ್ಟಾದರೂ ಉಳಿಯಿತಲ್ಲ ಎಂದು ಕಾಗದ ಮಡಚಲು ಹೋದೆ.

"ತಡೀರಿ ರೈಟ್ರೇ, ಎಡಗಡೆ ಹಿಡ್ಕೊಳ್ಳೋಕೆ ಅಡ್ಡಗಳ ಇನ್ನೂ ಹಾಕಿಲ್ಲ. ಅದನ್ನೂ ಬರೀರಿ" ಎಂದಳು ದೇವಮ್ಮ.

ಬರೆದೆ.