ವಿರೂಪಾಕ್ಷಪ್ಪನಾದ ಯೋಹಾನಪ್ಪ

"ಯೋಹಾನಪ್ಪ ಅಂದ್ರ ಈ ಓಣ್ಯಾಗ ಯಾರೂ ಮನಿ ಕೊಡಂಗಿಲ್ರಿ ಸರ. ವಿರೂಪಾಕ್ಷಪ್ಪ ಅನ್ರಿ, ಹಣಿಗೆ ಈಟ ವಿಭೂತಿ ಹಚ್ರಿ" ಎಂದ ಮನೆ ತೋರಿಸುವ ಏಜೆಂಟ ಹಣಮೇಶ.

ಗುಳೇದಗುಡ್ಡದ ಮನೆ ಬಿಟ್ಟಾಗಿತ್ತು. ಸಾಮಾನು ಹೊತ್ತ ಟೆಂಪೋ ಇಲಕಲ್ಲಿನ ಬಿಸಿಲಲ್ಲಿ ನಿಂತಿತ್ತು. ಯೋಹಾನಪ್ಪ ಹಣೆಯೊಡ್ಡಿದ.

"ದೇವ್ರು ಮನಸ್ಸ ನೋಡ್ತಾನ, ಹಣಿ ಅಲ್ಲ" ಎಂದ ಹೆಂಡತಿಗೆ.

"ಮನಸ್ನ್ಯಾಗರ ಏನೈತ್ರಿ? ಬರೇ ಹೆದರಿಕಿ!" ಮಾರ್ತಾಳ ಕಣ್ಣು ಕೆಂಡವಾಗಿದ್ದವು. "ನಾ ಹಚ್ಚಂಗಿಲ್ಲ. ಕೇಳಿದ್ರ ಖರೆ ಹೇಳಾಕಿ."

"ನೀ ಬಾಯೇ ತಗೀಬ್ಯಾಡ!"

ಮನೆಯೊಡತಿ ಸಿದ್ದವ್ವ ಚಹಾ ಹಿಡಿದು ಬಂದಳು. "ಹೆಸರೇನ್ರಿ?"

"ವಿರೂಪಾಕ್ಷಪ್ಪ್ರೀ."

ಚಾಚಿದ ಚಹಾದ ಕಪ್ಪು ಅರ್ಧದಲ್ಲೇ ನಿಂತಿತು. ಮುದುಕಿ ಅವನನ್ನು ಸಂತೆಯ ಬದನೆಕಾಯಿಯಂತೆ ತಿರುತಿರುಗಿಸಿ ನೋಡಿದಳು. "ಹೌದಾ? ಕೊಳ್ಳಾಗ ಲಿಂಗ ಕಾಣವಲ್ದು?"

ಯೋಹಾನಪ್ಪ ಕೊರಳು ತಡವಿಕೊಂಡ. "ಟೆಂಪೋದಾಗ ಐತ್ರಿ... ಬಕೆಟ್ಟಿನ್ಯಾಗ. ಜೋಪಾನಾಗಿ ಇಟ್ಟೇನ್ರಿ."

ಹಣಮೇಶ ತಲೆ ಚಚ್ಚಿಕೊಂಡ. ಜೀವ ಹೋದರೂ ಮೈಮೇಲಿಂದ ತೆಗೆಯದ ಲಿಂಗ, ಬಕೆಟ್ಟಿನಲ್ಲಿ! ಸಿದ್ದವ್ವ ತನ್ನ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದು, ಸಿಟ್ಟು ನುಂಗುತ್ತ ಕಣ್ಣು ಮುಚ್ಚಿದಳು. "ಬಸವಾ, ಈ ಮನಷ್ಯಾಗ ಬುದ್ಧಿ ಕೊಡಪಾ."

"ಆಮೆನ್" ಎಂದ ಯೋಹಾನಪ್ಪ. ಹುಟ್ಟಿನಿಂದ ಬಂದ ರೂಢಿ, ನಾಲಿಗೆ ಅವನನ್ನು ಕೇಳಲೇ ಇಲ್ಲ.

ಸಿದ್ದವ್ವ ಸಿಡಿದಳು. "ನಿಮ್ಮ ಪಾಸ್ಟರ್ ನನಗ ಗುರ್ತಿನವ್ರು, ಮುಂಜಾನೇ ಫೋನ್ ಮಾಡಿದ್ರು. ಯೋಹಾನಪ್ಪ ಅಂತ ಬರ್ತಾನ, ನಮ್ಮ ಸಭೆಯಾಂವ, ಸುಳ್ಳು ಹೇಳಂಗಿಲ್ಲ ಅಂದ್ರು. ಅದಕ್ಕ ಮನಿ ತೊಳಿಸಿ ಇಟ್ಟಿದ್ನಿ! ನಿನ್ನ ದೇವ್ರನೂ ಬಿಟ್ಟಿ, ನನ್ನ ದೇವ್ರನೂ ಬಕೆಟ್ಟಿಗೆ ಹಾಕಿದಿ. ಇನ್ನ ನನ್ನ ಮನಿ ಏನ್ ಮಾಡ್ತೀಯೋ!"

"ತಪ್ಪಾತ್ರಿ ಅವ್ವಾರ..."

"ಸುಮ್ನಿರು! ತಂಗಿ, ನಿನ್ನ ಹೆಸರೇನ?"

"ಮಾರ್ತಾ ರೀ. ನಾವು ಯೇಸುವಿನ ಮಂದಿ."

"ಹಿಂಗ ಹೇಳ್ಬೇಕು. ಒಳಗ ಬಾ. ಮನಿ ನಿಂದು." ಸಿದ್ದವ್ವ ಬಾಗಿಲಿಗೆ ಕೈ ಅಡ್ಡ ಇಟ್ಟಳು. "ಆದ್ರ ಕಂಡವರ ಹೆಣ್ಮಗಳ ಮನಿಯೊಳಗ ಈ ವಿರೂಪಾಕ್ಷಪ್ಪ ಯಾಕ? ನಿನ್ನ ಗಂಡ ಯೋಹಾನಪ್ಪ ಬಂದ್ರ ಒಳಗ ಕಳಸ್ತೇನಿ."

ಯೋಹಾನಪ್ಪ ಹೆಂಡತಿಯ ಕಡೆ ಕೈ ಮುಗಿದ. "ಮಾರ್ತಾ, ನೀನರ ಹೇಳ!"

ಬಾಯಿ ತೆಗೆಯಬೇಡ ಎನಿಸಿಕೊಂಡವಳು ಈಗ ತೆಗೆದಳು.

"ಈ ಮನಷ್ಯಾ ಯಾರೋ, ನನಗ ಗೊತ್ತಿಲ್ರಿ ಅವ್ವಾರ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.